ಪಂಪ್‌ಹೌಸಿನಲ್ಲಿ ಜರ್ಮನಿಯ ವೈನು

ಆನ್‌ಸೈಟ್ ಹೋಗಿ ಬರುವವರ ಸೂಟ್‌ಕೇಸಿನಲ್ಲಿ ಏನಿರುತ್ತೆ ಅಂತ ನಿಮಗೂ ಗೊತ್ತು. ಚಾಕೊಲೇಟು, ಪರ್ಫ್ಯೂಮು, ಅಕ್ಕನ ಮಕ್ಕಳಿಗೆ ಆಟದ ಸಾಮಾನು, ಆಫೀಸಿನ ಗೆಳೆಯರಿಗೆ ಒಂದೆರಡು ಬಾಟಲಿ. ಚಾಕೊಲೇಟಿನ ಬಗ್ಗೆ ಯಾರಿಗೂ ಡೌಟಿಲ್ಲ. ಬಾಟಲಿ ಅಂದ ತಕ್ಷಣ ಮೂರು ಪ್ರಶ್ನೆ ಬರುತ್ತೆ. ಎಷ್ಟು ತರಬಹುದು? ಒಡೆದುಹೋದರೆ? ಕಸ್ಟಮ್ಸ್‌ನವರು ಹಿಡಿದರೆ?

ಈ ಸಲ ನಾನು ಮೂರಕ್ಕೂ ಉತ್ತರ ತಿಳ್ಕೊಂಡೇ ಬಂದೆ. ಆದರೆ ನಾಲ್ಕನೇ ಪ್ರಶ್ನೆಯೊಂದಿತ್ತು. ಅದಕ್ಕೆ ಯಾವ ವೆಬ್‌ಸೈಟಿನಲ್ಲೂ ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದ ಬಾಟಲಿಯನ್ನ ಸಿಂಗಟಗೆರೆಯ ನಮ್ಮ ಮನೆಯೊಳಕ್ಕೆ ತಗೊಂಡು ಹೋಗೋದು ಹೇಗೆ?

ಮೂರು ತಿಂಗಳ ಕೆಲಸಕ್ಕೆ ಅಂತ ಕಂಪನಿ ನನ್ನನ್ನು ಸ್ಟುಟ್‌ಗಾರ್ಟ್‌ಗೆ ಕಳಿಸಿತ್ತು. ಕಾರಿನ ಊರು ಅಂತಷ್ಟೇ ಅಂದ್ಕೊಂಡಿದ್ದೆ. ಹೋಗಿ ನೋಡಿದರೆ ಊರಿನ ಮಧ್ಯದ ಗುಡ್ಡಗಳ ಮೇಲೆಲ್ಲ ದ್ರಾಕ್ಷಿ ತೋಟ. ನೆಕ್ಕರ್ ನದಿಯ ಆ ಕಡೆ ಈ ಕಡೆ ಇಳಿಜಾರಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ಹಾಕಿದ್ದಾರೆ. ಕಡಿದಾದ ಕಡೆ ಮೆಷಿನ್ ಹತ್ತಲ್ಲ, ಕೈಯಲ್ಲೇ ಕೊಯ್ಯಬೇಕು. ಅಲ್ಲಿಯ ಹಳೇ ತಳಿ ಟ್ರೋಲಿಂಗರ್. ತಿಳಿ ಕೆಂಪು ಬಣ್ಣದ, ಹಗುರವಾದ ವೈನು. ಹೆಚ್ಚುಕಮ್ಮಿ ಅಲ್ಲಿಯವರೇ ಬೆಳೆದು ಅಲ್ಲಿಯವರೇ ಕುಡಿದು ಮುಗಿಸುತ್ತಾರೆ.

ನನ್ನ ಟೀಮಿನಲ್ಲಿದ್ದ ಒಬ್ಬನ ಅಪ್ಪನಿಗೆ ಅಂಥದ್ದೇ ಒಂದು ಸಣ್ಣ ತೋಟ. ಬೆಳೆಯ ಬಹುಪಾಲು ಸಹಕಾರ ಸಂಘಕ್ಕೆ ಹೋಗುತ್ತೆ. ನಮ್ಮೂರಲ್ಲಿ ಡೈರಿಗೆ ಹಾಲು ಹಾಕ್ತೀವಲ್ಲ, ಹಾಗೆ. ಒಂದಿಷ್ಟು ಮಾತ್ರ ಮನೆಯಲ್ಲೇ ವೈನು ಮಾಡುತ್ತಾರೆ. ವರ್ಷದಲ್ಲಿ ಕೆಲವು ವಾರ ಮನೆ ಬಾಗಿಲಿಗೆ ಪೊರಕೆ ನೇತುಹಾಕುತ್ತಾರೆ. ಪೊರಕೆ ಕಂಡರೆ 'ಇವತ್ತು ವೈನು, ಊಟ ಎರಡೂ ಉಂಟು, ಒಳಗೆ ಬನ್ನಿ' ಅಂತ ಅರ್ಥ. ಬೆಸೆನ್ ಅಂತ ಕರೀತಾರೆ, ಅವರ ಭಾಷೆಯಲ್ಲಿ ಪೊರಕೆ ಅಂತಲೇ. ಪೊರಕೆಗೆ ಇಷ್ಟು ಮರ್ಯಾದೆ ನಾನು ಬೇರೆಲ್ಲೂ ನೋಡಿಲ್ಲ.

ಅಕ್ಟೋಬರಿನಲ್ಲಿ ಹೊರಡುವ ಮುಂಚಿನ ಭಾನುವಾರ ಅವರ ಮನೆಗೆ ಊಟಕ್ಕೆ ಕರೆದಿದ್ದರು. ಹೊರಡುವಾಗ ಆ ಯಜಮಾನರು ಮೂರು ಬಾಟಲಿ ತಂದು ಮೇಜಿನ ಮೇಲಿಟ್ಟರು. ಎರಡು ನನಗೆ. ಮೂರನೆಯದನ್ನ ಬೇರೆಯಾಗಿ ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದರು. ಮಗ ಇಂಗ್ಲಿಷಿನಲ್ಲಿ ಹೇಳಿದ: "ನಿಮ್ಮ ತಂದೆಯೂ ರೈತರು ಅಂತ ನಾನು ಅಪ್ಪನಿಗೆ ಹೇಳಿದ್ದೆ. ಇದು ಅವರಿಗಂತೆ."

ಥ್ಯಾಂಕ್ಸ್ ಹೇಳಿ ತಗೊಂಡೆ. ನಮ್ಮಪ್ಪ ಕುಡಿಯಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಮೊದಲು ಲೆಕ್ಕ

ಮೂರು ಬಾಟಲಿ, ಒಂದೊಂದು 750 ಮಿಲಿ. ಒಟ್ಟು 2.25 ಲೀಟರ್. ವಿದೇಶದಿಂದ ಬರುವ ಪ್ರಯಾಣಿಕರು ಡ್ಯೂಟಿ ಇಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್, ಅದು ವೈನ್ ಆಗಲಿ ವಿಸ್ಕಿ ಆಗಲಿ. ಅಂದರೆ ಮಾಮೂಲಿ ವೈನ್ ಬಾಟಲಿ ಲೆಕ್ಕದಲ್ಲಿ ಎರಡೇ. ಮೂರನೆಯದು ಕಾಲು ಲೀಟರ್ ಜಾಸ್ತಿ ಆಯ್ತು. ಬೆಂಗಳೂರಿನಲ್ಲಿ ಇಳಿದ ಮೇಲೆ ಅರೈವಲ್‌ನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡದ್ದೂ ಇದೇ 2 ಲೀಟರಿನೊಳಗೆ ಬರುತ್ತೆ, ಅದಕ್ಕೆ ಬೇರೆ ಕೋಟಾ ಇಲ್ಲ. ತುಂಬಾ ಜನ ಇಲ್ಲೇ ಎಡವೋದು.

ಜಾಸ್ತಿ ತರಲೇಬಾರದು ಅಂತಲ್ಲ. ರೆಡ್ ಚಾನಲ್‌ಗೆ ಹೋಗಿ ಹೇಳಿ, ಡ್ಯೂಟಿ ಕಟ್ಟಿ ತರಬಹುದು. ಆದರೆ ಮದ್ಯದ ಮೇಲಿನ ಡ್ಯೂಟಿ ಶೇಕಡ 150ರ ಆಸುಪಾಸು. ಏಳೆಂಟು ಯೂರೋ ಬಾಟಲಿಗೆ ಬಾಟಲಿಗಿಂತ ಜಾಸ್ತಿ ತೆರಿಗೆ. ಹೇಳದೆ ಗ್ರೀನ್ ಚಾನಲ್‌ನಲ್ಲಿ ನುಗ್ಗಿ ಸಿಕ್ಕಿಬಿದ್ದರೆ ಮಾಲೂ ಹೋಗುತ್ತೆ, ದಂಡವೂ ಬೀಳುತ್ತೆ. ಹಾಗಾಗಿ ನನ್ನ ಎರಡರಲ್ಲಿ ಒಂದನ್ನ ಅಲ್ಲೇ ಟೀಮಿನವರಿಗೆ ಬಿಟ್ಟು, ಅಪ್ಪನದೊಂದು ನನ್ನದೊಂದು ಅಂತ ಎರಡು ಇಟ್ಕೊಂಡೆ.

"ಅದ್ಯಾಕೆ, ಒಂದು ಡಜನ್ ಕೊರಿಯರ್ ಮಾಡಿಬಿಡೋಣ" ಅಂದ ಬೆಂಗಳೂರಿನ ನನ್ನ ಫ್ಲ್ಯಾಟ್‌ಮೇಟ್. ಅದನ್ನೂ ವಿಚಾರಿಸಿದೆ. ಕೊರಿಯರ್ ಕಂಪನಿಗಳು ನಮ್ಮಂಥ ಬಿಡಿ ಜನರ ಮದ್ಯದ ಪಾರ್ಸೆಲ್ ಸಾಮಾನ್ಯವಾಗಿ ತಗೊಳ್ಳಲ್ಲ. ತಗೊಂಡರೂ ಪಾರ್ಸೆಲ್‌ಗೆ ಆ 2 ಲೀಟರ್ ವಿನಾಯಿತಿ ಅನ್ವಯಿಸಲ್ಲ, ಅದು ಬ್ಯಾಗೇಜಿಗೆ ಮಾತ್ರ. ಮೊದಲು ಗಿಫ್ಟ್ ಅಂತ ಬರೋ ಸಣ್ಣ ಪಾರ್ಸೆಲ್‌ಗಳಿಗೆ ಡ್ಯೂಟಿ ಬಿಡ್ತಿದ್ದರು, 2019ರ ಡಿಸೆಂಬರಿನಿಂದ ಅದೂ ನಿಂತಿದೆ. ಮೇಲಿಂದ ನಮ್ಮ ದೇಶದಲ್ಲಿ ಮದ್ಯ ಅನ್ನೋದು ರಾಜ್ಯಪಟ್ಟಿಯ ವಿಷಯ. ಕಸ್ಟಮ್ಸ್ ದಾಟಿದರೂ ಅಬಕಾರಿ ಇಲಾಖೆ ಇದ್ದೇ ಇದೆ. ಗುಜರಾತ್, ಬಿಹಾರದಂಥ ಪಾನನಿಷೇಧದ ರಾಜ್ಯಕ್ಕೆ ಹೋಗುವವರಂತೂ ಬಾಟಲಿಯ ಯೋಚನೆಯನ್ನೇ ಬಿಡೋದು ವಾಸಿ.

ಒಡೆಯದ ಹಾಗೆ ತರೋದು

ಹೋದ ವರ್ಷ ನನ್ನ ಸಹೋದ್ಯೋಗಿಯೊಬ್ಬ ಬಾಟಲಿಯನ್ನ ಒಂದು ಟವೆಲ್‌ನಲ್ಲಿ ಸುತ್ತಿ ಬ್ಯಾಗಿನ ಅಂಚಿಗೆ ಇಟ್ಟಿದ್ದ. ಮನೆಗೆ ಬಂದು ಜಿಪ್ ತೆಗೆದರೆ ಬಟ್ಟೆಯೆಲ್ಲ ಓಕುಳಿ. ತಂಗಿ ಮದುವೆಗೆ ಅಂತ ತಂದಿದ್ದ ಬಿಳಿ ಶರ್ಟೂ ಸೇರಿ.

ನಾನು ಮಾಡಿದ್ದು ಇಷ್ಟು. ಗಟ್ಟಿ ಕವಚದ ಸೂಟ್‌ಕೇಸು. ಪ್ರತಿ ಬಾಟಲಿಗೆ ಬಬಲ್ ರ‍್ಯಾಪ್ ಎರಡು ಸುತ್ತು, ಅದರ ಮೇಲೆ ಜಿಪ್ ಇರೋ ಪ್ಲಾಸ್ಟಿಕ್ ಕವರು. ಒಡೆದರೂ ಕವರಿನೊಳಗೇ ಇರಲಿ ಅಂತ. ಆಮೇಲೆ ದಪ್ಪ ಸ್ವೆಟರಿನಲ್ಲಿ ಸುತ್ತಿ ಸೂಟ್‌ಕೇಸಿನ ಸರಿಮಧ್ಯಕ್ಕೆ. ಸುತ್ತಲೂ ಬಟ್ಟೆ, ಅಂಚಿಗೆ ತಾಗಬಾರದು. ಎರಡು ಬಾಟಲಿ ಒಂದಕ್ಕೊಂದು ತಾಗಲೇಬಾರದು. ಮುಚ್ಚಿದ ಮೇಲೆ ಒಂದ್ಸಲ ಅಲ್ಲಾಡಿಸಿ ನೋಡಿ, ಒಳಗೆ ಏನಾದರೂ ಸರಿದಾಡಿದರೆ ಇನ್ನೊಂದು ಲುಂಗಿ ತುರುಕಿ. ತುಂಬಿದ ಒಂದು ಬಾಟಲಿ ಹತ್ತಿರ ಹತ್ತಿರ ಒಂದೂಕಾಲು ಕಿಲೋ ತೂಗುತ್ತೆ, 23 ಕಿಲೋ ಲೆಕ್ಕದಲ್ಲಿ ಅದನ್ನ ಮರೀಬೇಡಿ.

ಮೇಲೆ ಹೋದಾಗ ಗಾಳಿಯ ಒತ್ತಡಕ್ಕೆ ಕಾರ್ಕ್ ಹಾರಿಹೋಗುತ್ತೆ ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಹಾಗೇನಿಲ್ಲ. ಪ್ರಯಾಣಿಕರ ವಿಮಾನದಲ್ಲಿ ನಾವು ಕೂತಿರೋ ಕಡೆ ಎಷ್ಟು ಒತ್ತಡ ಇರುತ್ತೋ ಕೆಳಗೆ ಲಗೇಜು ಇಡೋ ಕಡೆಯೂ ಅಷ್ಟೇ ಇರುತ್ತೆ. ಇನ್ನು ಸುರಕ್ಷತೆ ನಿಯಮ ಬೇರೆ, ಕಸ್ಟಮ್ಸ್ ನಿಯಮ ಬೇರೆ. ಶೇ 24ಕ್ಕಿಂತ ಕಮ್ಮಿ ಆಲ್ಕೋಹಾಲ್ ಇರೋ ವೈನು, ಬಿಯರಿಗೆ ವಿಮಾನ ಸುರಕ್ಷತೆಯ ದೃಷ್ಟಿಯಿಂದ ಮಿತಿ ಇಲ್ಲ. 24ರಿಂದ 70ರವರೆಗೆ ತಲೆಗೆ 5 ಲೀಟರ್. 70 ದಾಟಿದರೆ ವಿಮಾನ ಹತ್ತಿಸೋ ಹಾಗೇ ಇಲ್ಲ. ಕ್ಯಾಬಿನ್ ಬ್ಯಾಗಿನಲ್ಲಿ 100 ಮಿಲಿ ಮೀರಿದ ದ್ರವ ಬಿಡಲ್ಲ. ಡ್ಯೂಟಿ ಫ್ರೀಯಲ್ಲಿ ಕೊಂಡು ಸೀಲ್ ಮಾಡಿದ ಕವರಿನಲ್ಲಿದ್ದರೆ ಮಾತ್ರ ಬಿಡ್ತಾರೆ. ಆ ಸೀಲನ್ನ ಮನೆ ಸೇರೋವರೆಗೆ ಕೀಳಬೇಡಿ, ಬಿಲ್ಲು ಕಾಣೋ ಹಾಗಿರಲಿ. ಮುಂಬೈಯಲ್ಲೋ ದೆಹಲಿಯಲ್ಲೋ ಇಳಿದು ಬೆಂಗಳೂರಿಗೆ ಇನ್ನೊಂದು ವಿಮಾನ ಹಿಡಿಯೋರು, ಅಲ್ಲಿ ಲಗೇಜು ಕೈಗೆ ಸಿಕ್ಕಾಗ ಕೈಯಲ್ಲಿರೋ ಬಾಟಲಿಯನ್ನ ಚೆಕ್-ಇನ್ ಬ್ಯಾಗಿಗೆ ಸೇರಿಸಿಬಿಡಿ.

ನನ್ನದು ಫ್ರಾಂಕ್‌ಫರ್ಟ್‌ನಿಂದ ನೇರ ಬೆಂಗಳೂರು. ಒಂದೂ ಒಡೆಯಲಿಲ್ಲ. ಗ್ರೀನ್ ಚಾನಲ್‌ನಲ್ಲಿ ತಲೆ ಎತ್ತಿಕೊಂಡು ಹೊರಗೆ ಬಂದೆ.

ಕಷ್ಟದ ಇನ್ನೂರು ಕಿಲೋಮೀಟರು

ನನ್ನ ಬಾಟಲಿಯನ್ನ ಅವತ್ತು ರಾತ್ರಿಯೇ ಫ್ಲ್ಯಾಟಿನಲ್ಲಿ ನಾಲ್ಕು ಜನ ಸೇರಿ ಮುಗಿಸಿದ್ವಿ. ಉಳಿದಿದ್ದು ನ್ಯೂಸ್‌ಪೇಪರ್ ಸುತ್ತಿದ ಬಾಟಲಿ. ಎರಡು ದಿನ ಬಿಟ್ಟು ದೀಪಾವಳಿಗೆ ಊರಿಗೆ ಹೊರಡಬೇಕಿತ್ತು.

ನಮ್ಮನೆ ಕಥೆ ಸ್ವಲ್ಪ ಹೇಳಬೇಕು. ನಮ್ಮಜ್ಜ ಪ್ಯಾಕೆಟ್ ಸಾರಾಯಿ ಕುಡೀತಿದ್ದ. ಸಂಜೆಯಾದ ಮೇಲೆ ಯಾರ ಜೊತೆಗೂ ಸೇರದೆ, ಕಣದ ಹಿಂದೆ ಹುಣಸೆಮರದ ಕೆಳಗೆ ಒಬ್ಬನೇ ಕೂತು. ಬೆಳಗ್ಗೆ ಆ ಮರದ ಕೆಳಗೆ ಕಚ್ಚಿ ಬಿಸಾಕಿದ ಪ್ಲಾಸ್ಟಿಕ್ ಪ್ಯಾಕೆಟ್‌ಗಳನ್ನ ಅಜ್ಜಿ ಗುಡಿಸಿ ಒಲೆಗೆ ಹಾಕ್ತಿದ್ದಳು. ಒಂದೂವರೆ ಎಕರೆ ಹೊಲ ಹಂಗೇ ಹೋಯ್ತು. ಅಜ್ಜ ಹೋದಾಗ ನಾನು ನಾಲ್ಕನೇ ಕ್ಲಾಸು. ಸಾಲ ತೀರಿಸೋಕೆ ಅಪ್ಪನಿಗೆ ಇನ್ನೂ ಎಷ್ಟೋ ವರ್ಷ ಹಿಡೀತು. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅದೇ ಉಳಿದ ತೆಂಗಿನ ತೋಟದಿಂದ.

2007ರ ಜುಲೈ 1ಕ್ಕೆ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಅವತ್ತು ಅಜ್ಜಿ ದೇವರಿಗೆ ಕಾಯಿ ಒಡೆಸಿದ್ದು ನನಗೆ ನೆನಪಿದೆ. ಸಾರಾಯಿ ಹೋದ ಜಾಗಕ್ಕೆ ಕ್ವಾರ್ಟರ್ ಬಂತು, ಆ ಮಾತು ಬೇರೆ. ದೊಡ್ಡವನಾದ ಮೇಲೆ ಇನ್ನೊಂದು ವಿಷಯ ಓದಿ ಆಶ್ಚರ್ಯ ಆಯ್ತು. ಅದೇ 2007ರಲ್ಲಿ ನಮ್ಮ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ದ್ರಾಕ್ಷಿ ಬೆಳೆಗಾರರಿಗೆ ಒಳ್ಳೆ ಬೆಲೆ ಸಿಗಲಿ, ವೈನರಿಗಳು ಬರಲಿ ಅಂತ. ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್‌ನವರ ತೋಟ ಅದಕ್ಕೂ ಮುಂಚಿನಿಂದಲೇ ಇತ್ತು. ಒಂದೇ ವರ್ಷ, ಒಂದೇ ಸರ್ಕಾರಿ ವ್ಯವಸ್ಥೆ, ಒಂದನ್ನ ಮುಚ್ಚಿತು, ಇನ್ನೊಂದನ್ನ ಬೆಳೆಸಿತು. ಎರಡಕ್ಕೂ ಕಾರಣ ಇತ್ತು. ಆದರೆ ನಮ್ಮಜ್ಜಿಗೆ ಅದನ್ನ ಹೇಗೆ ವಿವರಿಸೋದು?

ಹಾಸ್ಟೆಲಿಗೆ ಸೇರಿಸುವಾಗ ಅವ್ವ ಒಂದೇ ಮಾತು ಹೇಳಿದ್ದಳು. "ಏನಾರ ಮಾಡು, ಅದೊಂದ ಮಾತ್ರ ಮುಟ್ಬ್ಯಾಡ." ಹೂಂ ಅಂದಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಟೀಮ್ ಪಾರ್ಟಿಯಲ್ಲಿ ಮುಟ್ಟಿದೆ. ಅಪರೂಪಕ್ಕೆ, ಮಿತಿಯಲ್ಲಿ, ಆದರೆ ಮುಟ್ಟಿದ್ದು ಮುಟ್ಟಿದ್ದೇ. ಏಳು ವರ್ಷದಿಂದ ಮನೆಯಲ್ಲಿ ಹೇಳಿರಲಿಲ್ಲ. ಈ ಬಾಟಲಿ ಮನೆಗೆ ಹೋದರೆ ಆ ಸುಳ್ಳೂ ಜೊತೆಗೇ ಹೊರಗೆ ಬರುತ್ತೆ.

ಬೆಂಗಳೂರಲ್ಲೇ ಬಿಟ್ಟು ಹೋಗಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಅಲ್ಲಿ ಆ ಮುದುಕರು 'ನಿಮ್ಮ ತಂದೆಗೆ ತಲುಪಿತಾ?' ಅಂತ ಮಗನ ಹತ್ತಿರ ಎರಡು ಸಲ ಕೇಳಿಸಿದ್ದರು. ಅಲ್ಲಿಗೊಂದು ಸುಳ್ಳು, ಇಲ್ಲಿಗೊಂದು ಸುಳ್ಳು ಹೇಳೋದು ಬೇಡ ಅನ್ನಿಸಿತು. ಚಿಕ್ಕಪ್ಪನ ಮಗನ ಕಾರಿನಲ್ಲಿ ತುಮಕೂರು, ತಿಪಟೂರು, ಅರಸೀಕೆರೆ ದಾಟೋವರೆಗೂ ಹೇಗೆ ಹೇಳೋದು ಅಂತ ಮನಸ್ಸಲ್ಲೇ ರಿಹರ್ಸಲ್ ಮಾಡಿದೆ. ದ್ರಾಕ್ಷಿ ಜ್ಯೂಸು ಅಂದುಬಿಡು ಅಂದ ಅವನು. ಅಪ್ಪ ಎಸ್ಸೆಸ್ಸೆಲ್ಸಿ ಓದಿದವರು. ಲೇಬಲ್ ಮೇಲಿನ ಶೇಕಡ ಗುರುತು ಓದೋಕೆ ಜರ್ಮನ್ ಬರಬೇಕಾಗಿಲ್ಲ.

ರಾತ್ರಿ ಊಟ ಆದ ಮೇಲೆ ಜಗುಲಿಯಲ್ಲಿ ಕೂತಾಗ ತೆಗೆದು ಕೊಟ್ಟೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಲ್ಲ ಹೇಳಿದೆ. ಅಪ್ಪ ಕಾಗದ ಬಿಚ್ಚಿ ಬಾಟಲಿ ತಿರುಗಿಸಿ ನೋಡಿದರು. ಅವ್ವ ಒಳಗಿಂದ ಬಂದು ಬಾಗಿಲಲ್ಲೇ ನಿಂತಳು.

"ನೀನು ಕುಡಿತೀಯ?"

"ಅಪರೂಪಕ್ಕಪ್ಪ. ವರ್ಷಕ್ಕೆ ನಾಕೈದ್ ಸಲ."

ಅಪ್ಪ ಏನೂ ಹೇಳಲಿಲ್ಲ. ಅವ್ವ ಒಳಗೆ ಹೋದಳು. ಪಾತ್ರೆ ಸದ್ದು ಸ್ವಲ್ಪ ಜೋರಾಯ್ತು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿ ಕೇಳಿದಳು:

"ಏನ್ಲಾ ಅದು? ಅದೇನಾ?"

"ಅದೇ ಅಲ್ಲ ಕಣಜ್ಜಿ. ಆದ್ರೆ ಅದೇ ಜಾತೀದು."

ಅಜ್ಜಿ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೊಟ್ಟೋರು ಪ್ರೀತಿಯಿಂದ ಕೊಟ್ಟವ್ರೆ. ಬಿಸಾಕ್‌ಬ್ಯಾಡ. ಆದ್ರೆ ಮನೆ ಒಳಕ್ ಬ್ಯಾಡ" ಅಂದಳು.

ಹಾಗಾಗಿ ಅಪ್ಪ ಬ್ಯಾಟರಿ ಹಿಡ್ಕೊಂಡು ನನ್ನ ಜೊತೆ ತೋಟಕ್ಕೆ ಬಂದರು. ಬೋರ್‌ವೆಲ್ ಪಕ್ಕದ ಪಂಪ್‌ಹೌಸಿನಲ್ಲಿ, ಸ್ಟಾರ್ಟರ್ ಬೋರ್ಡಿನ ಕೆಳಗೆ, ಗೊಬ್ಬರದ ಚೀಲದ ಮರೆಯಲ್ಲಿ ಬಾಟಲಿ ಇಟ್ಟು ಬಂದ್ವಿ. ಕತ್ತಲು, ತಂಪು. ವೈನ್ ಇಡೋಕೆ ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆ ಜಾಗ ಇರಲಿಲ್ಲ ಅನ್ನೋದೂ ನಿಜವೇ. ವಾಪಸ್ ಬರುವಾಗ ಅಪ್ಪ ಅಂದರು, "ಹೇಳ್ದಲ್ಲ, ಅದು ಒಳ್ಳೇದಾಯ್ತು." ಅಷ್ಟೇ. ಅವತ್ತು ನನಗೆ ನಿದ್ದೆ ಚೆನ್ನಾಗಿ ಬಂತು.

ಬೆಳಗ್ಗೆ ಕಾಫಿ ಕುಡಿಯುವಾಗ ಅಪ್ಪನ ಪ್ರಶ್ನೆಗಳು ಶುರುವಾದವು. "ಅವ್ರು ಎಷ್ಟ್ ಎಕ್ರೆ ಮಾಡವ್ರೆ? ನೀರ್ ಎಲ್ಲಿಂದ? ಕೂಲಿ ಸಿಗ್ತಾರಾ? ಸಂಘ್‌ದೋರು ದುಡ್ ಎಷ್ಟ್ ದಿನಕ್ ಕೊಡ್ತಾರೆ?" ನನಗೆ ಅರ್ಧಕ್ಕೂ ಉತ್ತರ ಗೊತ್ತಿರಲಿಲ್ಲ. ಮಧ್ಯಾಹ್ನ ಅವರಿಗೆ ಬೆಳಗಾದ ಮೇಲೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ತೋಟದಲ್ಲಿ ನಿಂತು ತೆಂಗಿನ ಮರ ತೋರಿಸಿದರು. ಅವರು ಎಲೆ ಹಣ್ಣಾಗುತ್ತಿದ್ದ ಬಳ್ಳಿ ತೋರಿಸಿದರು. ಮಧ್ಯೆ ನಾನು ಮತ್ತು ಅವರ ಮಗ, ಕನ್ನಡ ಇಂಗ್ಲಿಷ್ ಜರ್ಮನ್ ಅಂತ ಹಗ್ಗ ಎಳೆದ ಹಾಗೆ. ಮಳೆ ಟೈಮಿಗೆ ಬರಲ್ಲ, ಬಂದರೆ ಒಂದೇ ಸಲ ಬರುತ್ತೆ, ಹುಡುಗರು ತೋಟಕ್ಕೆ ಇಳಿಯಲ್ಲ. ಈ ಮೂರು ವಿಷಯದಲ್ಲಿ ಇಬ್ಬರಿಗೂ ಭಾರೀ ಒಮ್ಮತ.

ಕೊನೆಗೆ ಅಪ್ಪ ನೇರವಾಗಿ ಹೇಳಿಸಿದರು. "ನಮ್ಮನೇಲಿ ಕುಡಿಯಲ್ಲ, ನಮ್ಮಪ್ಪ ಕುಡ್ದು ಹಾಳಾದ್ರು, ಬೇಜಾರ್ ಮಾಡ್ಕೋಬ್ಯಾಡಿ." ಆ ಯಜಮಾನರು ಸ್ವಲ್ಪ ಹೊತ್ತು ತಲೆ ಅಲ್ಲಾಡಿಸಿದರು. ತಮ್ಮ ಅಣ್ಣನೂ ಹಾಗೇ ಹೋದ ಅಂದರಂತೆ. ಮಗನಿಗೂ ಅದು ಅವತ್ತೇ ಸರಿಯಾಗಿ ಗೊತ್ತಾಗಿದ್ದು.

ಕೊಬ್ಬರಿಗೆ ಸೀಟಿಲ್ಲ

ಉಡುಗೊರೆ ತಗೊಂಡ ಮೇಲೆ ತಿರುಗಿ ಕೊಡಬೇಕಲ್ಲ. ಅಪ್ಪ ಅಟ್ಟ ಹತ್ತಿ ಒಳ್ಳೆ ಉಂಡೆ ಕೊಬ್ಬರಿ ಆರಿಸೋಕೆ ಶುರು ಮಾಡಿದರು. ಮುಂದಿನ ತಿಂಗಳು ನಾನು ಮತ್ತೆ ಹೋಗೋದಿತ್ತು. ನಿಯಮ ನೋಡಿದೆ. ವಿಮಾನದಲ್ಲಿ ಕೊಬ್ಬರಿ ಒಯ್ಯೋ ಹಾಗಿಲ್ಲ! ಎಣ್ಣೆ ಅಂಶ ಜಾಸ್ತಿ, ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತು ಅಂತ ಅದು ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿದೆ.

"ಸಾರಾಯಿ ಬಿಡ್ತಾರೆ, ಕೊಬ್ಬರಿ ಬಿಡಲ್ವ?" ಅಪ್ಪ ಅಟ್ಟದ ಮೇಲಿಂದಲೇ ನಕ್ಕರು. ಅವ್ವನೂ ನಕ್ಕಳು. ಎರಡು ದಿನದಲ್ಲಿ ಅವಳು ನನ್ನೆದುರು ನಕ್ಕಿದ್ದು ಅದೇ ಮೊದಲು.

ಆದರೆ ಕಾಯಿಗೆ ದಾರಿ ಇದೆ. ಹೊರಗಿಂದ ಹಣ್ಣು, ಗಿಡ ಒಯ್ದರೆ ಯುರೋಪಿಯನ್ ಒಕ್ಕೂಟ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತೆ. ಐದು ಹಣ್ಣಿಗೆ ಮಾತ್ರ ಅದು ಬೇಡ: ಅನಾನಸ್, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್, ತೆಂಗಿನಕಾಯಿ. ನಮ್ಮ ಕಡೆ ಕ್ಯಾಬಿನ್ ಬ್ಯಾಗಿನಲ್ಲಿ ಕಾಯಿ ಇಟ್ಟರೆ ಸೆಕ್ಯುರಿಟಿಯವರು ತೆಗೆಸ್ತಾರೆ. ಚೆಕ್-ಇನ್‌ನಲ್ಲಿ ಇಡೀ ಕಾಯಿ ಒಯ್ಯಬಹುದು, ಆದರೂ ನಿಮ್ಮ ಏರ್‌ಲೈನನ್ನ ಮೊದಲೇ ಕೇಳಿಕೊಳ್ಳಿ. ನಾನು ಕೇಳಿಕೊಂಡೆ, ಆಗಬಹುದು ಅಂದರು. ಜುಟ್ಟು ಬಿಟ್ಟು ಸುಲಿದ ಆರು ಕಾಯಿ ಈಗ ನನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿವೆ. ಬಾಟಲಿ ಬಂದಿದ್ದ ಅದೇ ಬಬಲ್ ರ‍್ಯಾಪ್ ಎತ್ತಿಟ್ಟಿದ್ದೀನಿ, ಕಾಯಿಗೆ ಅದು ಬೇಕಾಗಿಲ್ಲ ಅಂತ ಗೊತ್ತಿದ್ದರೂ.

ಬಾಟಲಿಯೂ ನನ್ನ ಜೊತೆಗೇ ಬೆಂಗಳೂರಿಗೆ ವಾಪಸ್ ಬಂತು. ಇನ್ನೂ ತೆಗೆದಿಲ್ಲ. ಹೋದ ವಾರ ಫೋನಿನಲ್ಲಿ ಅಜ್ಜಿ ಕೇಳಿದಳು, "ಆ ಬಾಟ್ಲಿ ಏನ್ ಮಾಡ್ದೆ?"

"ಇನ್ನೂ ಹಂಗೇ ಐತೆ ಅಜ್ಜಿ."

"ಕುಡುದ್ರೆ ಒಬ್ನೇ ಕೂತ್ಕಂಡ್ ಕುಡೀಬ್ಯಾಡ ಮಗ. ನಿಮ್ಮಜ್ಜ ಒಬ್ನೇ ಕುಡೀತಿದ್ದ."

ಹೂಂ ಅಂದೆ. ಈ ಸಲದ ಹೂಂ ಉಳಿಸಿಕೊಳ್ತೀನಿ.